ಇಂಗ್ಲಿಷಿನ ಸಣ್ಣ ಕ್ರಿಯಾಪದಗಳು

ಮಕ್ಕಳಿಗೆ ಇಂಗ್ಲಿಷ್ ಬರಬೇಕೆಂಬ ಹಂಬಲವು ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಈಗ ಯಾವ ಮನೆಯನ್ನೂ ಬಿಟ್ಟಿಲ್ಲ. ಅರಿಸಿನ ಬೆಳೆಯುವವನ ಮನೆಯಲ್ಲಿಯೂ, ಹೂವು ಮಾರುವವಳ ಮನೆಯಲ್ಲಿಯೂ, ದೇವರ ಪಟದ ಪಕ್ಕದಲ್ಲಿಯೇ ಇಂಗ್ಲಿಷ್ ಅಕ್ಷರಮಾಲೆಯ ಪಟವೊಂದು ತೂಗುತ್ತಿರುವುದನ್ನು ಕಾಣುವೆವು. ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ ೨೦೦೭ನೆಯ ಇಸವಿಯಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಪಾಠವು ಆರಂಭವಾಗುತ್ತದೆ. ಅದಕ್ಕೆ ಪೂರ್ವದಲ್ಲಿ ಮಕ್ಕಳು ಐದನೆಯ ತರಗತಿಯವರೆಗೆ ಕಾಯಬೇಕಾಗಿದ್ದಿತು. ಹೀಗೆ ಹತ್ತು ವರ್ಷಗಳ ಕಾಲ ಒಂದು ಭಾಷೆಯನ್ನು ಓದಿದ ಮಗುವು, ಪರಸ್ಥಳದವನೊಬ್ಬನು ಎದುರಿಗೆ ನಿಂತು ಆ ಭಾಷೆಯಲ್ಲಿ ಎರಡು ಮಾತನ್ನಾಡಿದರೆ ತಲೆ ತಗ್ಗಿಸಿ ನಿಲ್ಲುವುದೇಕೆ?

ಇದಕ್ಕೆ ಮಗುವಿನ ಬುದ್ಧಿಯೂ ಕಾರಣವಲ್ಲ, ಹಳ್ಳಿಯ ಹುಟ್ಟೂ ಕಾರಣವಲ್ಲ. ದೊಡ್ಡ ದೊಡ್ಡ ಶಬ್ದಗಳನ್ನು ಕಂಠಪಾಠ ಮಾಡಿಸಿ, ಸಣ್ಣ ಕ್ರಿಯಾಪದಗಳನ್ನು ‘ಇವು ಗೊತ್ತಿದ್ದವೇ’ ಎಂದು ಬಿಟ್ಟುಬಿಡುವುದೇ ಕಾರಣವೆಂದು ನಮ್ಮ ಅಭಿಪ್ರಾಯ. ನಾವು ಸಂಸ್ಕೃತವನ್ನು ಓದಿ, ಬಹುಕಾಲ ಪಾಠ ಹೇಳಿ, ಈಗ ವಿಶ್ರಾಂತಿಯಲ್ಲಿರುವವರು. ಇಂಗ್ಲಿಷಿನ ಉಪಾಧ್ಯಾಯರ ಹೊಲಕ್ಕೆ ನಾವು ನೇಗಿಲು ಹಿಡಿದು ಹೊರಟುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಧಾತುವೆಂಬುದು ಯಾವ ಭಾಷೆಯಲ್ಲಿಯಾದರೂ ಧಾತುವೇ. ಅದರ ಸ್ವಭಾವವನ್ನು ಬಲ್ಲವನು ಒಂದು ಮಾತು ಹೇಳಿದರೆ ತಪ್ಪಾಗಲಾರದು.

ತೆರಕಣಾಂಬಿಯ ಸಮೀಪದ ಒಂದು ಹಳ್ಳಿಯ ಹುಡುಗಿಯ ವೃತ್ತಾಂತವನ್ನು ಇಲ್ಲಿ ಹೇಳಬೇಕು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲನೆಯವಳು. ಪರಿಸರ, ಮಾಲಿನ್ಯ ಮೊದಲಾದ ವಿಷಯಗಳನ್ನು ಕುರಿತು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆಯಬಲ್ಲಳು. ಅಂಕಗಳೂ ಚೆನ್ನಾಗಿಯೇ ಬಂದಿದ್ದುವು. ಮೈಸೂರಿನಲ್ಲಿ ಒಂದು ಉದ್ಯೋಗದ ಸಂದರ್ಶನಕ್ಕೆಂದು ನಸುಕಿನಲ್ಲಿಯೇ ಎದ್ದು, ಎರಡು ಬಸ್ಸು ಬದಲಾಯಿಸಿ ಹೋದಳು. ಒಳಗೆ ಕುಳಿತವರು ಬಹುಶಃ ಅವಳ ಹೆದರಿಕೆಯನ್ನು ಕಳೆಯುವುದಕ್ಕಾಗಿಯೇ, ನಗುತ್ತ, ‘ಹೌ ಡಿಡ್ ಯು ಗೆಟ್ ಹಿಯರ್?’ ಎಂದು ಕೇಳಿದರು. ‘ಗೆಟ್’ ಎಂದರೆ ‘ಪಡೆ’ ಎಂದು ಅವಳು ಕಲಿತಿದ್ದಳು. ‘ನೀನು ಇಲ್ಲಿ ಹೇಗೆ ಪಡೆದೆ?’ ಏನನ್ನು ಪಡೆಯುವುದು? ಯಾರಿಂದ ಪಡೆಯುವುದು? ಯಾರದಾದರೂ ಶಿಫಾರಸು ಪಡೆದು ಬಂದಳೆಂದು ಸಂದೇಹಪಡುತ್ತಿರುವರೋ ಎಂದು ಅವಳ ಮುಖ ಕಪ್ಪಿಟ್ಟಿತು. ಮೌನವಾಗಿ ಕುಳಿತಳು. ‘ಬಸ್ಸಿನಲ್ಲಿ ಬಂದೆ’ ಎಂಬಷ್ಟನ್ನು ಇಂಗ್ಲಿಷಿನಲ್ಲಿ ಹೇಳುವುದು ಅವಳಿಗೆ ನೀರು ಕುಡಿದಷ್ಟು ಸುಲಭವಾಗಿದ್ದಿತು. ಆಮೇಲೆ ಅವರು ಹೆಚ್ಚೇನೂ ಕೇಳಲಿಲ್ಲ. ಸಾಯಂಕಾಲ ಅವಳ ತಂದೆಯು ನಮ್ಮ ಜಗಲಿಯ ಮೇಲೆ ಕುಳಿತು, ‘ನಮ್ ಮಗ ಓದಿದ್ದೆಲ್ಲಾ ಸುಳ್ಳಾ ಸ್ವಾಮಿ?’ ಎಂದು ಕೇಳಿದನು. ನಮ್ಮ ಕಡೆಯಲ್ಲಿ ಹೆಣ್ಣುಮಗುವನ್ನೂ ಪ್ರೀತಿಯಿಂದ ‘ಮಗ’ ಎನ್ನುವುದುಂಟು.

ಸುಳ್ಳಲ್ಲ. ಆದರೆ ‘ಗೆಟ್’ ಎಂದರೆ ‘ಪಡೆ’ ಎಂಬ ಒಂದೇ ಅರ್ಥವು ಅರ್ಧಸುಳ್ಳು. ನಿಘಂಟುಕಾರರನ್ನು ನಾವು ದೂರುವುದಿಲ್ಲ. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿಯು ೧೮೨೪ರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ನಿಘಂಟನ್ನು ಪ್ರಕಟಿಸಿದುದು ಮೊದಲ್ಗೊಂಡು, ಮೈಸೂರು ವಿಶ್ವವಿದ್ಯಾನಿಲಯವು ೧೯೪೬ರಲ್ಲಿ ಹೊರತಂದ ದೊಡ್ಡ ನಿಘಂಟಿನವರೆಗೆ ವಿದ್ವಾಂಸರು ಪಟ್ಟ ಶ್ರಮವು ಅಲ್ಪವಲ್ಲ. ಆಕ್ಸ್‌ಫರ್ಡಿನ ಮಹಾನಿಘಂಟು ೧೯೨೮ರಲ್ಲಿ ಮೊದಲ ಸಲ ಪೂರ್ಣಗೊಂಡಾಗ, ಅದರಲ್ಲಿ ಎಲ್ಲಕ್ಕಿಂತ ದೀರ್ಘವಾದ ವಿವರಣೆಯು ಯಾವ ಪಾಂಡಿತ್ಯದ ಶಬ್ದಕ್ಕೂ ಬೀಳಲಿಲ್ಲ. ಮೂರಕ್ಷರದ ‘ಸೆಟ್’ ಎಂಬ ಕ್ರಿಯಾಪದಕ್ಕೆ ಬಿದ್ದಿತು. ದೋಷವಿರುವುದು ಪರೀಕ್ಷೆಯ ಕೈಪಿಡಿಗಳಲ್ಲಿ. ಅವು ನಿಘಂಟಿನ ಮೊದಲನೆಯ ಅರ್ಥವನ್ನು ಮಾತ್ರ ಕಿತ್ತುಕೊಂಡು, ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಎಂದು ಪಟ್ಟಿಮಾಡಿ ಮಕ್ಕಳ ಕೈಗೆ ಕೊಡುವುವು. ಅದೂ ಎಂತಹ ಕನ್ನಡ? ಚಾಮರಾಜನಗರದ ಯಾವ ಅಡುಗೆಮನೆಯಲ್ಲಿ ಯಾವ ತಾಯಿಯು ‘ಪಡೆ’ ಎಂಬ ಮಾತನ್ನಾಡುವಳು?

‘ಗೆಟ್’ ಎಂಬುದನ್ನು ತಿಳಿಯಬೇಕಾದರೆ ನಮ್ಮ ಮನೆಮಾತಿನ ‘ನನಗೆ’ ಎಂಬ ಪದದಿಂದ ಹೊರಡಬೇಕು. ನನಗೆ ಕಾಗದ ಬಂತು, ನನಗೆ ಜ್ವರ ಬಂತು, ನನಗೆ ಸಿಟ್ಟು ಬಂತು, ನನಗೆ ಕೆಲಸ ಸಿಕ್ಕಿತು, ನನಗೆ ಅರ್ಥವಾಯಿತು. ಈ ಐದು ವಾಕ್ಯಗಳಲ್ಲಿ ಕಾಗದ, ಜ್ವರ, ಸಿಟ್ಟು, ಕೆಲಸ, ಅರ್ಥ ಇವೇ ನಡೆದು ಬರುತ್ತವೆ. ನಾವು ಚತುರ್ಥೀ ವಿಭಕ್ತಿಯಲ್ಲಿ ಕೈಕಟ್ಟಿ ಕುಳಿತಿರುತ್ತೇವೆ. ಇಂಗ್ಲಿಷಿನವನಿಗೆ ಹೀಗೆ ಸುಮ್ಮನೆ ಕುಳಿತಿರುವುದು ಒಗ್ಗದು. ಅವನು ತನ್ನನ್ನು ಕರ್ತೃವನ್ನಾಗಿ ಮಾಡಿಕೊಂಡು ಐದು ಕಡೆಯಲ್ಲಿಯೂ ‘ಐ ಗಾಟ್’ ಎನ್ನುವನು: ಕಾಗದವನ್ನು ಗಾಟ್, ಜ್ವರವನ್ನು ಗಾಟ್, ಕೆಲಸವನ್ನು ಗಾಟ್, ‘ಗಾಟ್ ಆಂಗ್ರಿ’, ‘ಗಾಟ್ ಇಟ್’. ಕತ್ತಲಾಯಿತು ಎಂಬುದಕ್ಕೆ ‘ಇಟ್ ಗಾಟ್ ಡಾರ್ಕ್’, ಮನೆ ಮುಟ್ಟಿದೆ ಎಂಬುದಕ್ಕೆ ‘ಐ ಗಾಟ್ ಹೋಮ್’. ಬರು, ಸಿಗು, ಆಗು, ಮುಟ್ಟು ಎಂಬ ನಮ್ಮ ನಾಲ್ಕು ಧಾತುಗಳು ಸೇರಿದರೆ ಅವರ ಒಂದು ‘ಗೆಟ್’. ಇಷ್ಟನ್ನು ಮೊದಲೇ ಹೇಳಿಕೊಟ್ಟಿದ್ದರೆ, ‘ಹೌ ಡಿಡ್ ಯು ಗೆಟ್ ಹಿಯರ್’ ಎಂದರೆ ‘ಇಲ್ಲಿಗೆ ಹೇಗೆ ಮುಟ್ಟಿದೆಯಮ್ಮ’ ಎಂದು ಆ ಹುಡುಗಿಗೆ ಹೊಳೆಯುತ್ತಿದ್ದಿತು. ನಮ್ಮವರು ‘ನನಗೆ ಇಂಗ್ಲಿಷ್ ಬರುವುದಿಲ್ಲ’ ಎಂಬುದನ್ನು ಹಾಗೆಯೇ ಮಗುಚಿ, ‘ಇಂಗ್ಲಿಷ್ ಈಸ್ ನಾಟ್ ಕಮಿಂಗ್ ಟು ಮಿ’ ಎಂದಾಗ ಕೇಳಿದವರು ನಗುವರು. ನಗುವುದು ಸರಿಯಲ್ಲ. ಕನ್ನಡದಲ್ಲಿ ವಿದ್ಯೆಯು ಮನುಷ್ಯನ ಬಳಿಗೆ ಬರತಕ್ಕದ್ದು. ಇಂಗ್ಲಿಷಿನಲ್ಲಿ ಮನುಷ್ಯನು ಅದನ್ನು ‘ನೋ’ ಮಾಡತಕ್ಕದ್ದು. ಎರಡು ಜನಾಂಗಗಳು ಲೋಕವನ್ನು ನೋಡುವ ರೀತಿ ಬೇರೆ, ಅಷ್ಟೆ.

ಒಂದು ಧಾತುವಿಗೆ ಇಷ್ಟೊಂದು ಅರ್ಥಗಳೇ ಎಂದು ಗಾಬರಿಪಡಲಾಗದು. ನಮ್ಮ ‘ಕಟ್ಟು’ ಎಂಬ ಮಾತನ್ನೇ ನೋಡಿರಿ. ಗುಂಡ್ಲುಪೇಟೆಯ ಹೂವಾಡಗಿತ್ತಿಯು ಬೆಳಗಿನಿಂದ ಹೂ ಕಟ್ಟುವಳು. ಮಗನ ಶಾಲೆಗೆ ಬುತ್ತಿ ಕಟ್ಟುವಳು. ಸಾಲ ತಂದು ಮನೆ ಕಟ್ಟಿ, ತಿಂಗಳು ತಿಂಗಳು ಕಂತು ಕಟ್ಟುವಳು. ಚಳಿಗಾಲದಲ್ಲಿ ಅವಳಿಗೆ ಮೂಗು ಕಟ್ಟುವುದು. ನೆರೆಯವಳು ಅವಳ ಮೇಲೆ ಕಥೆ ಕಟ್ಟುವಳು. ಇವುಗಳಲ್ಲಿ ಯಾವುದನ್ನೂ ನಾವು ಪಟ್ಟಿಯಿಂದ ಕಲಿಯಲಿಲ್ಲ. ಹೂವು ಕಟ್ಟುವಲ್ಲಿ ಹೂವಿನೊಡನೆ, ಕಂತು ಕಟ್ಟುವಲ್ಲಿ ಕಂತಿನೊಡನೆ ಆ ಮಾತು ಬಂದಿತು. ಧಾತುಗಳು ಅನೇಕಾರ್ಥವುಳ್ಳವೆಂದು ನಮ್ಮ ವೈಯಾಕರಣರು ಬಹು ಹಿಂದೆಯೇ ಒಪ್ಪಿದ್ದಾರೆ. ಕನ್ನಡದಲ್ಲಿ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಧಾತುಗಳಿಗೆಂದು ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಇನ್ನು ಇಂಗ್ಲಿಷಿನ ಕ್ರಿಯಾಪದಗಳಿಗೆ ಬಾಲದಂತೆ ಅಂಟಿಕೊಳ್ಳುವ ಅಪ್, ಆಫ್, ಆನ್, ಔಟ್ ಮೊದಲಾದ ತುಣುಕುಗಳ ವಿಷಯ. ಸಂಸ್ಕೃತವನ್ನು ಸ್ವಲ್ಪವಾದರೂ ಬಲ್ಲವರಿಗೆ ಇದು ಅಪರಿಚಿತವಲ್ಲ. ‘ಹೃ’ ಎಂಬ ಧಾತುವಿಗೆ ಒಯ್ಯುವುದೆಂದು ಅರ್ಥ. ಅದರ ಹಿಂದೆ ಒಂದೊಂದು ಉಪಸರ್ಗವು ಸೇರಿದಂತೆ ಆಹಾರ, ವಿಹಾರ, ಸಂಹಾರ, ವ್ಯವಹಾರ, ಉದಾಹರಣೆ ಎಂದು ಅರ್ಥವು ದಿಕ್ಕುದಿಕ್ಕಿಗೆ ಹಾರುವುದು. ಊಟಕ್ಕೂ ಕೊಲೆಗೂ ಧಾತು ಒಂದೇ! ಇಂಗ್ಲಿಷಿನ ‘ಟೇಕ್’ ಕೂಡ ಹೀಗೆಯೇ: ಟೇಕ್ ಆಫ್ ಎಂದರೆ ಕಳಚು, ಟೇಕ್ ಓವರ್ ಎಂದರೆ ವಹಿಸಿಕೊ, ಟೇಕ್ ಆಫ್ಟರ್ ಎಂದರೆ ಹೋಲು. ಭೇದವೇನೆಂದರೆ ನಮ್ಮ ಉಪಸರ್ಗವು ಧಾತುವಿನ ಮುಂದಾಳು, ಅವರದು ಹಿಂಬಾಲಕ. ವೇದದ ಭಾಷೆಯಲ್ಲಿ ಉಪಸರ್ಗವು ಧಾತುವನ್ನು ಬಿಟ್ಟು ದೂರ ನಿಲ್ಲುವುದೂ, ಅದರ ಅನಂತರ ಬರುವುದೂ ಉಂಟೆಂಬುದನ್ನು ಪಾಣಿನಿಯೇ ಹೇಳಿರುವನಾದ್ದರಿಂದ ನಾವು ಆಶ್ಚರ್ಯಪಡಬೇಕಾದುದಿಲ್ಲ.

ಇಲ್ಲಿ ಒಂದು ವಿನೋದವುಂಟು. ನಮ್ಮ ಜನರು ಇಂಗ್ಲಿಷಿನಿಂದ ಯಾವುದನ್ನು ಎತ್ತಿಕೊಂಡರು ಎಂಬುದನ್ನು ಗಮನಿಸಿರಿ. ‘ಫ್ಯಾನು ಆನ್ ಮಾಡು’, ‘ಮೋಟಾರು ಆಫ್ ಮಾಡು’, ‘ಬ್ಯಾಟರಿ ಡೌನ್ ಆಯ್ತು’, ‘ಅವನು ಔಟಾದ’. ಅವರ ಧಾತುವನ್ನು ಹೊಸ್ತಿಲಿನ ಹೊರಗೆ ನಿಲ್ಲಿಸಿ, ಉಪಸರ್ಗವನ್ನು ಮಾತ್ರ ಒಳಕ್ಕೆ ಕರೆದು, ಅದಕ್ಕೆ ನಮ್ಮ ‘ಮಾಡು’, ‘ಆಗು’ಗಳನ್ನು ಗಂಟುಹಾಕಿದ್ದಾರೆ. ಧಾತುಗಳು ಬಂದ ಕಡೆಯಲ್ಲಿಯೂ ನಾಮಪದದಂತೆ ಬಂದಿವೆ: ಟ್ರೈ ಮಾಡು, ಮಿಸ್ ಆಯಿತು, ಅಡ್ಜಸ್ಟ್ ಮಾಡು. ಸಂಸ್ಕೃತದ ಧಾತುಗಳಿಗೆ ‘ಇಸು’ ಸೇರಿಸಿ ರಚಿಸು, ಸೇವಿಸು, ಭಾವಿಸು ಎಂದು ಮಕ್ಕಳನ್ನು ದತ್ತು ತೆಗೆದುಕೊಂಡ ಕನ್ನಡವು, ಇಂಗ್ಲಿಷಿನವುಗಳನ್ನು ಅತಿಥಿಗಳಾಗಿ ಮಾತ್ರ ಇರಿಸಿಕೊಂಡಿದೆ. ‘ಟ್ರೈಸಿದನು’ ಎಂದು ಯಾರೂ ಹೇಳುವುದಿಲ್ಲವಷ್ಟೆ. ಇದರ ಫಲವೇನೆಂದರೆ, ಓದುಬರಹವಿಲ್ಲದ ಅಜ್ಜಿಯ ಬಾಯಲ್ಲಿಯೂ ನೂರಾರು ಇಂಗ್ಲಿಷ್ ಶಬ್ದಗಳು ಓಡಾಡುತ್ತಿದ್ದರೂ, ಗೆಟ್, ಪುಟ್, ಟೇಕ್, ಕೀಪ್, ಗಿವ್, ಲೆಟ್ ಎಂಬ ಮುಖ್ಯರಾದವರು ಅವುಗಳ ನಡುವೆ ಇಲ್ಲವೇ ಇಲ್ಲ. ‘ಗೆಟ್ ಮಾಡು’ ಎಂದು ಯಾರಾದರೂ ಹೇಳಿದುದನ್ನು ಕೇಳಿದ್ದೀರಾ? ನಮ್ಮ ಮಕ್ಕಳಿಗೆ ಇಂಗ್ಲಿಷಿನ ಮಾಂಸವು ಮನೆಯಲ್ಲಿಯೇ ಸಿಗುವುದು, ಎಲುಬು ಸಿಗುವುದಿಲ್ಲ.

ಈ ಎಲುಬುಗಳು ಎಷ್ಟು? ಸಿ. ಕೆ. ಆಗ್ಡನ್ ಎಂಬ ಇಂಗ್ಲಿಷ್ ವಿದ್ವಾಂಸನು ೧೯೩೦ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬ ಒಂದು ಕಿರಿದಾದ ಇಂಗ್ಲಿಷನ್ನು ಕಲ್ಪಿಸಿ, ಒಟ್ಟು ೮೫೦ ಶಬ್ದಗಳಲ್ಲಿ ದಿನದ ವ್ಯವಹಾರವನ್ನೆಲ್ಲಾ ನಡೆಯಿಸಬಹುದೆಂದು ತೋರಿಸಹೊರಟನು. ಅವುಗಳಲ್ಲಿ ಕ್ರಿಯಾಪದಗಳು ೧೮ ಮಾತ್ರ. ಇರುವುದು, ಮಾಡುವುದು, ಉಳ್ಳವನಾಗುವುದು, ಬರುವುದು, ಹೋಗುವುದು, ಕೊಡುವುದು, ತೆಗೆದುಕೊಳ್ಳುವುದು, ಇಡುವುದು, ನೋಡುವುದು, ಹೇಳುವುದು, ಕಳುಹಿಸುವುದು, ಇಂತಹವುಗಳೇ. ‘ಪ್ರವೇಶಿಸು’ ಎಂಬುದಕ್ಕೆ ಗೋ ಇನ್, ‘ತ್ಯಜಿಸು’ ಎಂಬುದಕ್ಕೆ ಗಿವ್ ಅಪ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ, ಚರ್ಚಿಲ್ಲರು ಇದನ್ನು ಬಹಿರಂಗವಾಗಿ ಹೊಗಳಿದರೂ ಅದು ಲೋಕದಲ್ಲಿ ನಿಲ್ಲಲಿಲ್ಲ. ನಮಗೆ ತೋರುವಂತೆ ಅದರ ಎಣಿಕೆಯಲ್ಲಿಯೇ ಒಂದು ಮರೆಯಿದ್ದಿತು. ಗಿವ್ ಗೊತ್ತಿದ್ದು, ಅಪ್ ಗೊತ್ತಿದ್ದ ಮಾತ್ರಕ್ಕೆ ಗಿವ್ ಅಪ್ ಗೊತ್ತಾಗದು. ‘ಮೇಲಕ್ಕೆ ಕೊಡು’ ಎಂದೇ ಮಗುವು ತಿಳಿಯುವುದು. ಒಂದೊಂದು ಜೋಡಣೆಯೂ ಹೊಸ ಶಬ್ದವೇ ಸರಿ. ಆದರೂ ಯಾವ ಬಾಗಿಲಿನಿಂದ ಒಳಹೊಗಬೇಕೆಂಬುದನ್ನು ಆತನು ಸರಿಯಾಗಿ ತೋರಿಸಿದನು.

ಪುಟ್ ಮತ್ತು ಕೀಪ್ ಎಂಬ ಎರಡರಲ್ಲಿ ನಮ್ಮ ಸೀಮೆಯವರಿಗೆ ಒಂದು ಅನುಕೂಲವಿದೆ. ನಮ್ಮ ಆಡುಮಾತಿನಲ್ಲಿ ‘ಮಡಗು’ ಎಂಬ ಕ್ರಿಯಾಪದವುಂಟು. ಪಾಠಶಾಲೆಗಳಲ್ಲಿ ಇದನ್ನು ಗ್ರಾಮ್ಯವೆಂದು ತಿದ್ದಿ ‘ಇಡು’ ಎಂದು ಹೇಳಿಸುವರು. ಆದರೆ ಇದು ಕೆಟ್ಟ ರೂಪವಲ್ಲ, ಹಳೆಯ, ಕುಲೀನವಾದ ಧಾತು. ‘ಚೊಂಬ ಅಲ್ಲಿ ಮಡಗು’ ಎಂದರೆ ಪುಟ್. ‘ಈ ದುಡ್ಡ ನೀನೇ ಮಡಿಕ್ಕೊ’ ಎಂದರೆ ಕೀಪ್. ‘ಕೊಳ್ಳು’ ಎಂಬುದು ಬಂದು ಸೇರಿದ ಕೂಡಲೇ ಕ್ರಿಯೆಯ ಫಲವು ಕರ್ತೃವಿಗೇ ತಿರುಗುವುದು. ಸಂಸ್ಕೃತದಲ್ಲಿ ಪರಸ್ಮೈಪದ, ಆತ್ಮನೇಪದಗಳೆಂದು ನಾವು ವರ್ಷಗಟ್ಟಲೆ ಬಡಿದಾಡಿ ಕಲಿಸಿದುದನ್ನು ಹರದನಹಳ್ಳಿಯ ಸಂತೆಯಲ್ಲಿ ಕೂಸು ಕೂಡ ಬಲ್ಲದು. ಮಕ್ಕಳಿಗೆ ಈ ದಾರಿಯಿಂದ ಹೇಳಿದರೆ ಪುಟ್, ಕೀಪ್‌ಗಳ ಭೇದವು ಒಂದು ಗಳಿಗೆಯ ಕೆಲಸ.

ಆದರೆ ಕೀಪ್ ಎಂಬುದು ಅಲ್ಲಿಗೇ ನಿಲ್ಲುವುದಿಲ್ಲ. ನಮ್ಮ ನೆರೆಯ ಒಂದು ಮನೆಯಲ್ಲಿ ಹಿರಿಯರೊಬ್ಬರಿಗೆ ರಕ್ತದ ಒತ್ತಡದ ಮಾತ್ರೆಗಳು ನಡೆಯುತ್ತಿದ್ದುವು. ದೂರದ ಊರಿನ ವೈದ್ಯರೊಬ್ಬರು ಫೋನಿನಲ್ಲಿ ಎಲ್ಲವನ್ನೂ ವಿಚಾರಿಸಿ, ಕೊನೆಗೆ ಮಾತ್ರೆಯ ವಿಷಯದಲ್ಲಿ ‘ಕೀಪ್ ಟೇಕಿಂಗ್ ಇಟ್’ ಎಂದರಂತೆ. ಫೋನು ಹಿಡಿದಿದ್ದ ಮೊಮ್ಮಗನು ಕೀಪ್ ಎಂದರೆ ಇಡು ಎಂದು ಬಲ್ಲವನಾದ್ದರಿಂದ, ‘ತಗೋತಾ ಇದ್ದುದನ್ನು ಇಟ್ಟುಬಿಡಬೇಕಂತೆ’ ಎಂದು ತಿಳಿಸಿದನು. ಮಾತ್ರೆಯ ಪೊಟ್ಟಣವು ಗೂಡಿನಲ್ಲಿ ಮೂರು ವಾರ ಕುಳಿತಿತು. ತಲೆ ಸುತ್ತಿ ಬಿದ್ದಮೇಲೆ ಸಂಗತಿಯು ಹೊರಬಿದ್ದಿತು. ದೈವಕೃಪೆಯಿಂದ ಅವರು ಚೇತರಿಸಿಕೊಂಡರು. ಕೀಪ್ ಎಂಬುದರ ಹಿಂದೆ ಇನ್ನೊಂದು ಕ್ರಿಯೆಯು ‘ಇಂಗ್’ ಎಂಬ ಪ್ರತ್ಯಯದೊಡನೆ ಬಂದರೆ ಅದು ನಮ್ಮ ‘ತಾ ಇರು’ ಎಂಬುದಕ್ಕೆ ಸಮಾನ: ತಗೋತಾ ಇರು, ನಡೀತಾ ಇರು, ಓದ್ತಾ ಇರು. ಈ ಒಂದು ಸೂತ್ರವನ್ನಾದರೂ ಪ್ರತಿಯೊಂದು ಮನೆಯಲ್ಲಿಯೂ ತಿಳಿದಿರಬೇಕೆಂದು ನಾವು ಒತ್ತಿ ಹೇಳುವೆವು. ಔಷಧಿಯ ಸೀಸೆಗಳ ಮೇಲೆ ಮಕ್ಕಳ ಕೈಗೆ ಎಟುಕದಂತೆ ಇಡಿರೆಂದು ಮುದ್ರಿಸುವ ಸೂಚನೆಯೂ ಈ ಕೀಪ್ ಎಂಬುದರಿಂದಲೇ ಆರಂಭವಾಗುವುದು. ಅಲ್ಲಿ ‘ಇಂಗ್’ ಇಲ್ಲವಾದ್ದರಿಂದ ಅದು ಮಡಗುವ ಕೀಪ್.

ಟೇಕ್ ಮಾತ್ರ ನಮಗೆ ನೆಂಟನಂತಿದೆ. ಮಾತ್ರೆ ತೆಗೆದುಕೊ, ಫೋಟೊ ತೆಗೆ, ಇವುಗಳಿಗೆ ಟೇಕ್ ನೇರವಾಗಿ ಹೊಂದುವುದು. ಬಸ್ಸು ಹಿಡಿ ಎಂಬಲ್ಲಿಯೂ, ‘ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಎಷ್ಟು ಹೊತ್ತು ಹಿಡಿಯುತ್ತದೆ’ ಎಂಬಲ್ಲಿಯೂ ನಮಗೆ ಹಿಡಿ, ಅವರಿಗೆ ಟೇಕ್. ಗಿವ್ ಎಂಬುದೂ ಹೆಚ್ಚು ತೊಂದರೆ ಕೊಡದು; ರಸ್ತೆಯ ಫಲಕದಲ್ಲಿ ‘ಗಿವ್ ವೇ’ ಎಂದಿದ್ದರೆ ನಾವು ‘ದಾರಿ ಬಿಡು’ ಎನ್ನುವೆವು. ಅವರು ಕೊಡುವರು, ನಾವು ಬಿಡುವೆವು.

ಗುಂಡ್ಲುಪೇಟೆಯಂತಹ ಊರಿಗೆ ಇವೆಲ್ಲಾ ಪುಸ್ತಕದ ಮಾತಲ್ಲ. ಒಂದು ದಾರಿಯು ಊಟಿಗೆ, ಇನ್ನೊಂದು ದಾರಿಯು ಸುಲ್ತಾನ್ ಬತ್ತೇರಿಗೆ. ತಮಿಳರೂ ಮಲೆಯಾಳಿಗಳೂ ಉತ್ತರದ ಪ್ರವಾಸಿಗಳೂ ಹಗಲೆಲ್ಲಾ ಹಾದುಹೋಗುವರು. ಓಣಂ ಹಬ್ಬಕ್ಕೆ ಮುಂಚೆ ಚೆಂಡುಹೂವು, ಸೂರ್ಯಕಾಂತಿಯ ಹೊಲಗಳು ಅರಳಿ ನಿಂತಾಗ ಕೇರಳದವರು ಬದುವಿನ ಮೇಲೆ ಇಳಿದು ಫೋಟೊ ತೆಗೆದುಕೊಳ್ಳುವರು. ೨೦೦೯ರಿಂದ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ೯ರಿಂದ ಬೆಳಗ್ಗೆ ೬ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ತಡೆಯಿದೆ. ಹೊತ್ತು ಮೀರಿ ಬಂದ ಪ್ರವಾಸಿಯೊಬ್ಬನಿಗೆ ಚಹದ ಅಂಗಡಿಯ ಹುಡುಗನು ‘ರೋಡ್ ಕ್ಲೋಸ್, ಮಾರ್ನಿಂಗ್ ಸಿಕ್ಸ್ ಓಪನ್’ ಎಂದು ಹೇಳಿದುದನ್ನು ನಾವು ಕೇಳಿದ್ದೇವೆ. ಕೆಲಸ ನಡೆಯಿತು, ನಾವು ಅದನ್ನು ಹಳಿಯುವುದಿಲ್ಲ. ಆದರೆ ಆ ಹುಡುಗನಿಗೆ ‘ಯು ಕಾಂಟ್ ಗೆಟ್ ಥ್ರೂ ನೌ, ಕಮ್ ಬ್ಯಾಕ್ ಅಟ್ ಸಿಕ್ಸ್’ ಎನ್ನಲು ಬಂದಿದ್ದರೆ ಅವನು ಆ ಅಂಗಡಿಯಲ್ಲಿಯೇ ಉಳಿಯಬೇಕಾಗಿರಲಿಲ್ಲ.

ಮನೆಯಲ್ಲಿ ಮಾಡಬಹುದಾದುದು ಸುಲಭ. ವಾರಕ್ಕೆ ಒಂದೇ ಕ್ರಿಯಾಪದವನ್ನು ಹಿಡಿಯಿರಿ. ಪಟ್ಟಿ ಬೇಡ, ಬಾಯಿಪಾಠ ಬೇಡ, ಕೈಯಲ್ಲಿ ವಸ್ತುವಿರಲಿ. ಪುಟ್ ವಾರದಲ್ಲಿ ಚೊಂಬು, ತಟ್ಟೆ, ಪುಸ್ತಕ, ಚಪ್ಪಲಿ ಏನನ್ನು ಇಟ್ಟರೂ ಆ ಮಾತನ್ನಾಡಿಯೇ ಇಡಲಿ. ತಾಯಿಗೆ ಇಂಗ್ಲಿಷ್ ಬಾರದೆಂಬ ಸಂಕೋಚವು ಬೇಡ. ಮಗುವು ಇಂಗ್ಲಿಷಿನಲ್ಲಿ ಹೇಳಿದುದಕ್ಕೆ ಅವಳು ತನ್ನ ಮಾತಿನಲ್ಲಿ ಏನೆನ್ನುವಳೋ ಅದನ್ನು ಹೇಳಿದರೆ ಸಾಕು. ಆ ಎರಡನೆಯ ಅರ್ಧವೇ ಹೆಚ್ಚು ಬೆಲೆಯುಳ್ಳದ್ದು. ‘ಪುಟ್ ಆನ್’ ಎಂಬ ಒಂದು ಮಾತಿಗೆ ನಮ್ಮ ತಾಯಂದಿರ ಬಳಿ ಏನಿದೆಯೆಂಬುದನ್ನು ನೋಡಿರಿ: ಸೀರೆಯನ್ನು ಉಡುವಳು, ರವಕೆಯನ್ನು ತೊಡುವಳು, ಹೂವನ್ನು ಮುಡಿಯುವಳು, ಬೊಟ್ಟನ್ನು ಇಡುವಳು, ಚಪ್ಪಲಿಯನ್ನು ಮೆಟ್ಟುವಳು, ಅವಳ ಗಂಡನು ಪೇಟವನ್ನು ಸುತ್ತುವನು. ಇಂಗ್ಲಿಷಿನವನು ಇಷ್ಟನ್ನೂ ಹೆಚ್ಚುಕಡಿಮೆ ಒಂದೇ ಗೂಟಕ್ಕೆ ನೇತುಹಾಕುವನು. ಈಗಿನ ಮಕ್ಕಳು ಹೂವನ್ನೂ ‘ಹಾಕಿಕೊ’ಳ್ಳುವರು, ಸೀರೆಯನ್ನೂ ‘ಹಾಕಿಕೊ’ಳ್ಳುವರು. ಇಂಗ್ಲಿಷ್ ಕಲಿಯುವ ನೆಪದಿಂದಲಾದರೂ ಮುಡಿಯುವುದು, ಮೆಟ್ಟುವುದು ಮರಳಿ ಬಳಕೆಗೆ ಬಂದರೆ ನಮಗೆ ಎರಡು ಪಟ್ಟು ಲಾಭ.

ಭೂತಕಾಲದ ರೂಪಗಳನ್ನು ಕಂಡು ಅಂಜಬೇಕಾದುದಿಲ್ಲ. ಗೋ ಎಂಬುದು ವೆಂಟ್ ಆಗುವುದೂ, ಟೇಕ್ ಎಂಬುದು ಟುಕ್ ಆಗುವುದೂ, ಪುಟ್ ಎಂಬುದು ಪುಟ್ ಆಗಿಯೇ ಉಳಿಯುವುದೂ ವಕ್ರವೆಂದು ಮಕ್ಕಳು 
ಅಳುವರು. ಬಹಳವಾಗಿ ಬಳಸುವ ಪಾತ್ರೆಯೇ ಸೊಟ್ಟಗಾಗುವುದು. ನಮ್ಮಲ್ಲಿಯೂ ಮಾಡಿದ, ಹಾಡಿದ ಎಂದು ನೆಟ್ಟಗಿರುವಾಗ, ಬರು ಎಂಬುದು ಬಂದ, ನಿಲ್ಲು ಎಂಬುದು ನಿಂತ, ಬೀಳು ಎಂಬುದು ಬಿದ್ದ, ಕೊಡು ಎಂಬುದು ಕೊಟ್ಟ ಎಂದಾಗಲಿಲ್ಲವೆ? ಇವುಗಳನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಮಕ್ಕಳು ನಗುವರು, ಮತ್ತು ಮರೆಯುವುದಿಲ್ಲ.

ಮೇಕ್, ಲೆಟ್‌ಗಳನ್ನು ಕಡೆಗೆ ಇಟ್ಟುಕೊಳ್ಳುವುದು ಮೇಲು. ಅವು ಪ್ರೇರಣಾರ್ಥಕದ ಕೆಲಸವನ್ನು ಮಾಡುವುವು. ನಾವು ‘ಇಸು’ ಎಂಬ ಪ್ರತ್ಯಯದಿಂದಲೂ, ‘ಬಿಡು’ ಎಂಬುದರಿಂದಲೂ ಸಾಧಿಸುವುದನ್ನು ಅವರು ಬೇರೊಂದು ಕ್ರಿಯಾಪದವನ್ನು ಕರೆದು ಸಾಧಿಸುವರು. ಮಗುವನ್ನು ನಗಿಸು ಎಂಬಲ್ಲಿ ಮೇಕ್, ಮಗುವನ್ನು ಆಡಲು ಬಿಡು ಎಂಬಲ್ಲಿ ಲೆಟ್. ಇನ್ನು ‘ಕ್ಷೌರ ಮಾಡಿಸಿಕೊಂಡೆ’ ಎಂಬಲ್ಲಿ ನಮ್ಮ ‘ಇಸು’, ‘ಕೊಳ್ಳು’ ಎರಡೂ ಕೂಡಿವೆ. ಮಾಡಿದವನು ಬೇರೆ, ಫಲವು ನಮ್ಮದು. ಅಲ್ಲಿ ಇಂಗ್ಲಿಷಿನವನು ಮತ್ತೆ ಹಳೆಯ ಗೆಟ್‌ನ ಬಾಗಿಲಿಗೇ ಬರುವನು: ‘ಐ ಗಾಟ್ ಮೈ ಹೇರ್ ಕಟ್’. ತೆರಕಣಾಂಬಿಯ ಕಡೆಯ ಆ ಹುಡುಗಿಯು ಈಗ ನಮ್ಮ ಜಗಲಿಯ ಮೇಲೆ ಭಾನುವಾರದ ದಿನ ಐದಾರು ಮಕ್ಕಳನ್ನು ಕೂರಿಸಿಕೊಂಡು ಈ ಪಾಠವನ್ನು ಹೇಳುತ್ತಿರುವಳು. ಹೋದ ವಾರ ಮಕ್ಕಳಲ್ಲೊಬ್ಬನು, ಹಾಗಾದರೆ ಕಿವಿ ಚುಚ್ಚಿಸಿಕೊಂಡುದಕ್ಕೆ, ಬಟ್ಟೆ ಹೊಲಿಸಿಕೊಂಡುದಕ್ಕೆ, ಪಾಠ ಹೇಳಿಸಿಕೊಂಡುದಕ್ಕೆ ಎಲ್ಲದಕ್ಕೂ ಗಾಟ್ ಆದೀತೆ ಎಂದು ಕೇಳಿದನು. ಮೊದಲಿನ ಎರಡಕ್ಕೆ ಆದೀತು, ಮೂರನೆಯದಕ್ಕೆ ಹಾಗೆ ಹೇಳುವ ವಾಡಿಕೆಯಿಲ್ಲವೆಂದು ಅವಳು ತಡೆಯದೆ ಉತ್ತರವಿತ್ತಳು.